ಅಮೆರಿಕಾ ಆಚಾರಿಯ ಆಣೆ

ಮೊಗಣ್ಣಾಚಾರಿ ಆಣೆ ಇಡುವ ಮುಂಚೆ ನಾನು ಬಾಯಿ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಹದಿನೈದು ವರ್ಷ ಸಮಯವಿತ್ತು, ಬಿಡಲಿಲ್ಲ. ಈಗ ಕೂತು ಬರೆದರೆ ಏನು ಬಂತು ಎಂದು ನನ್ನ ಹೆಂಡತಿ ಕೇಳುತ್ತಾಳೆ. ಕೇಳಲಿ, ಅವಳು ಕೇಳದೆ ಬಿಟ್ಟ ದಿನ ಯಾವುದು?

ಕೆ.ಆರ್.ಪೇಟೆಯಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಪಕ್ಕದ ತಗಡಿನ ಶೆಡ್ಡು ಮೊಗಣ್ಣಾಚಾರಿಯದು. ಅವನದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ನಜ್ಜುಗುಜ್ಜಾದ ಕಾರಿನ ಮೈಯನ್ನು ಸುತ್ತಿಗೆಯಿಂದ ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುವುದು. ಎಂಜಿನ್ ಮುಟ್ಟುವವನಲ್ಲ. ಅದಕ್ಕೆ ಎದುರು ಗ್ಯಾರೇಜಿನ ಕುಮಾರ್ ಇದ್ದಾನೆ. “ಒಳುಗ್ಲುದು ಕುಮಾರಂದು, ಮೇಲ್ಗಡೆದು ನಂದು” ಎಂದು ಮೊಗಣ್ಣ ಗಡಿ ಹಾಕಿಕೊಂಡುಬಿಟ್ಟಿದ್ದ. ಬಾನೆಟ್ಟು ಎತ್ತಿದ್ದರೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅವರದು ಬೂಕನಕೆರೆಯ ಕಮ್ಮಾರರ ಮನೆ. ಅವನ ತಾತ ಕೆಂಪಾಚಾರಿ ಮಾಡಿದ ಕುಡುಗೋಲುಗಳು ಈಗಲೂ ಆ ಸುತ್ತಿನ ಕೆಲವು ಮನೆಗಳಲ್ಲಿವೆ. ಹಿಡಿಯ ಹತ್ತಿರ ಉಳಿಯಿಂದ ಹೊಡೆದ ಮೂರು ಗೀಟು ಕಂಡರೆ ಅದು ಕೆಂಪಾಚಾರಿಯದು ಎಂದು ಜನ ಎರಡು ಮಾತಿಲ್ಲದೆ ಕೊಳ್ಳುತ್ತಿದ್ದರಂತೆ. ಆ ಊರಿನ ಪಟೇಲರ ಹತ್ತಿರ ಒಂದು ಹಳೆಯ ಷೆವರ್ಲೆ ಲಾರಿಯಿತ್ತು, ಅಸಲಿ ಅಮೆರಿಕದ್ದು, ಬೆಲ್ಲ ಹೇರಿಕೊಂಡು ಮಂಡ್ಯಕ್ಕೆ ಹೋಗುತ್ತಿತ್ತು. ಅದರ ಮೈಕೈ ನೋಡಿಕೊಂಡವನು ಕೆಂಪಾಚಾರಿ. ಲಾರಿಯನ್ನು ಗುಜರಿಗೆ ಹಾಕಿದ ದಿನ ಪಟೇಲರು ಅದರ ಮುಂದಿನ ಬಿಲ್ಲೆ ಕಿತ್ತು ಅವನ ಕೈಗಿಟ್ಟರು. ಕೂಡುವ ಲೆಕ್ಕದ ಗುರುತನ್ನು ಎರಡು ಪಕ್ಕಕ್ಕೂ ಎಳೆದ ಹಾಗಿರುತ್ತದಲ್ಲ, ಆ ಷೆವರ್ಲೆ ಬಿಲ್ಲೆ.

ಆ ಬಿಲ್ಲೆ ಮೊಗಣ್ಣನ ಶೆಡ್ಡಿನಲ್ಲಿ ಕಾಳಿಕಾಂಬೆಯ ಪಟದ ಕೆಳಗಿರುತ್ತಿತ್ತು. ಪ್ರತಿ ವರ್ಷ ಆಯುಧಪೂಜೆಗೆ ಎಣ್ಣೆ, ಅರಿಶಿನ, ಕುಂಕುಮ. ತೊಳೆಯುವ ಪದ್ಧತಿ ಇಲ್ಲ. ಹಳೆಯ ಕುಂಕುಮದ ಮೇಲೆ ಹೊಸ ಕುಂಕುಮ. ಅಷ್ಟು ವರ್ಷದ್ದು ಒಂದರ ಮೇಲೊಂದು ಕೂತು ಬಿಲ್ಲೆ ದಪ್ಪಗೆ ಕೆಂಪಗೆ ಒಬ್ಬಟ್ಟಿನ ಹಾಗೆ ಕಾಣುತ್ತಿತ್ತು.

ಕೆಲಸಕ್ಕೆ ಬಂದ ಯಾವುದೇ ಗಾಡಿಯನ್ನು ಮೊಗಣ್ಣ ಪರೀಕ್ಷೆ ಮಾಡುವ ರೀತಿಯೇ ಬೇರೆ. ಮೊದಲು ಸಣ್ಣ ಸುತ್ತಿಗೆಯಿಂದ ಬಿಲ್ಲೆಯ ಅಂಚಿಗೆ ಟಣ್ ಅಂತ ಒಂದು ಪೆಟ್ಟು. ಕಣ್ಣು ಮುಚ್ಚಿ ಆ ಸದ್ದನ್ನು ಕಿವಿಯಲ್ಲಿ ಇಟ್ಟುಕೊಂಡು ಗಾಡಿಯ ಬಾಗಿಲಿಗೆ ಇನ್ನೊಂದು ಪೆಟ್ಟು. ಆಮೇಲೆ ತೀರ್ಪು. “ಇದು ಜಾತಿ ಕಬ್ಬಿಣ ಕಣಯ್ಯಾ, ಅಮೆರಿಕ” ಅಥವಾ “ತಗಡು, ತಗಡು, ಆಚೆಗೆ ತಗೊಂಡೋಗು.” ತೀರ್ಪು ಹೆಚ್ಚಾಗಿ ಗಾಡಿಯ ಮೂತಿ ಮೇಲಿನ ಬಿಲ್ಲೆ ನೋಡಿದ ಮೇಲೆಯೇ ಬರುತ್ತಿತ್ತು ಎಂಬುದನ್ನು ನಾನು ಗಮನಿಸಿದ್ದೆ, ಅವನು ಗಮನಿಸಿರಲಿಲ್ಲ. ಶೆಡ್ಡಿಗೆ ‘ಅಮೆರಿಕನ್ ಬಾಡಿ ವರ್ಕ್ಸ್’ ಎಂದು ಬೋರ್ಡು ಬರೆಸಿದ. ಪೇಟೆಯವರು ಅವನಿಗೆ ಅಮೆರಿಕಾ ಆಚಾರಿ ಎಂದು ಹೆಸರಿಟ್ಟರು. ಅಣಕಕ್ಕೆ ಇಟ್ಟದ್ದು, ಅವನು ಮೀಸೆ ತಿರುವಿಕೊಂಡು ತೆಗೆದುಕೊಂಡ.

ಒಂದು ಸಲ ಹೈಸ್ಕೂಲಿನ ಪ್ರಮೀಳಾ ಮೇಡಂ ತಮ್ಮ ಹಳೆಯ ಡೇವೂ ಮಟೀಜ್ ಕಾರನ್ನು ತಂದರು. ಮೊಗಣ್ಣ ಬಡಿದು ಕೇಳಿ, “ಕೊರಿಯಾದ ಡಬ್ಬ ಕಣವ್ವ, ನಾನು ಮುಟ್ಟಾಕಿಲ್ಲ” ಎಂದುಬಿಟ್ಟ. ಅದಾದ ಎರಡು ತಿಂಗಳಿಗೆ ತಾನೇ ಒಂದು ಸೆಕೆಂಡ್ ಹ್ಯಾಂಡ್ ಷೆವರ್ಲೆ ಸ್ಪಾರ್ಕ್ ತಂದು ನಿಲ್ಲಿಸಿ ಅದರ ಕೆನ್ನೆ ಸವರಿದ. ಅದೂ ಇದೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ಎಂದು ಹೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಕುಮಾರ್ ರಸ್ತೆಯಾಚೆಯಿಂದ ನನ್ನನ್ನು ನೋಡಿ ಕಣ್ಣು ಹೊಡೆದ. ನಾನೂ ಹೊಡೆದೆ.

ನನಗೆ ಗೊತ್ತಿದ್ದದ್ದು ಹೇಗೆ ಎಂದರೆ, ನಾನು ಸಾಮಾನು ಮಾರುವವನು. ಸಾಮಾನಿಗೆ ಡಬ್ಬ ಇರುತ್ತದೆ, ಡಬ್ಬದ ಮೇಲೆ ಹೆಸರಿರುತ್ತದೆ. ಷೆವರ್ಲೆ ಟವೇರಾಕ್ಕೆ ಪಿಸ್ಟನ್ ರಿಂಗ್ ಬೇಕೆಂದರೆ ನಾನು ಕೈ ಹಾಕುವುದು ಇಸುಜು ಎಂದು ಬರೆದ ಡಬ್ಬಕ್ಕೆ. ಅದು ಜಪಾನಿನ ಕಂಪನಿ. ಅವರ ಪ್ಯಾಂಥರ್ ಅನ್ನುವ ಗಾಡಿ ನಮ್ಮ ದೇಶಕ್ಕೆ ಬರುವಾಗ ಷೆವರ್ಲೆ ಬಿಲ್ಲೆ ಹಾಕಿಕೊಂಡು ಟವೇರಾ ಆಯಿತು. ಇದರಲ್ಲಿ ಮೋಸವೇನೂ ಇಲ್ಲ. ಕಂಪನಿಗಳು ಮಾತಾಡಿಕೊಂಡು ಒಪ್ಪಂದದಲ್ಲೇ ಮಾಡುವ ವ್ಯಾಪಾರ. ಈಗ ನೋಡಿ, ಮಾರುತಿಯ ಬಲೆನೊ ಟೊಯೊಟಾ ಬಿಲ್ಲೆ ಹಾಕಿಕೊಂಡು ಗ್ಲಾಂಜಾ ಅಂತ ಓಡಾಡುತ್ತಿದೆ. ಎರಡಕ್ಕೂ ನಾನು ಒಂದೇ ಬ್ರೇಕ್ ಪ್ಯಾಡ್ ಕೊಡುತ್ತೇನೆ. ಯಾರಿಗೂ ಬೇಜಾರಿಲ್ಲ.

ಆದರೆ ಮೊಗಣ್ಣನಿಗೆ ಬೇಜಾರಾಗುತ್ತದೆ ಎಂದು ನಾನೇ ತೀರ್ಮಾನಿಸಿದೆ. ಅವನು ಅಂಗಡಿಗೆ ಬಂದಾಗ, ಗಿರಾಕಿಗಳಿಗೆ ಅಂತ ಟವೇರಾ ಸಾಮಾನು ಕೇಳಿದಾಗ, ಒಳಗೆ ಹೋಗಿ ಡಬ್ಬದಿಂದ ತೆಗೆದು ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆ. ಮೊದಲು ಮಾಡಿದ್ದು ಮಮತೆಯಿಂದಲೇ. ಆಮೇಲಾಮೇಲೆ ತಮಾಷೆಯಾಯಿತು. ಅವನು ಹೋದ ಮೇಲೆ ನಾನೂ ಕುಮಾರನೂ ನಗುತ್ತಿದ್ದೆವು. ಖಾಲಿ ಡಬ್ಬ ಎಸೆಯಲು ಮನಸ್ಸು ಬರದೆ ನಟ್ಟು, ಬೋಲ್ಟು, ವಾಷರ್ ತುಂಬಿ ಗಲ್ಲಾಪೆಟ್ಟಿಗೆಯ ಹಿಂದಿನ ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿಟ್ಟೆ. ದಿನಾ ಬೆಳಿಗ್ಗೆ ಅವನು ಅದರ ಎದುರಿಗೇ ನಿಂತು ಟೀ ಕುಡಿಯುತ್ತಿದ್ದ.

ಹೋದ ವರ್ಷದ ಆಯುಧಪೂಜೆಗೆ ನಾಲ್ಕು ದಿನ ಮುಂಚೆ ನಾಗಮಂಗಲದ ಶಿವಲಿಂಗಯ್ಯ ತನ್ನ ಟವೇರಾ ತಂದ. ಬಾಡಿಗೆಗೆ ಓಡಿಸುವ ಗಾಡಿ. ಶ್ರೀರಂಗಪಟ್ಟಣಕ್ಕೆ ಜನರನ್ನು ಬಿಟ್ಟು ವಾಪಸ್ಸು ಬರುವಾಗ ಪಾಂಡವಪುರದ ಹತ್ತಿರ ಕಬ್ಬು ತುಂಬಿದ ಟ್ರಾಕ್ಟರು ಹಿಂದಕ್ಕೆ ಜಾರಿ ಗಾಡಿಯ ಮೂತಿಗೆ ಗುದ್ದಿತ್ತು. ಬಾನೆಟ್ಟು ಮಡಿಚಿಕೊಂಡಿತ್ತು, ಮುಂದಿನ ಜಾಲರಿ ಚೂರಾಗಿತ್ತು, ಬಿಲ್ಲೆ ಎಲ್ಲೋ ಬಿದ್ದು ಹೋಗಿತ್ತು. “ದಸರಾ ಬಾಡಿಗೆ ಎಲ್ಲ ಕೈ ತಪ್ಪೋಯ್ತವೆ ಆಚಾರ್ರೆ, ಬೇಗ ಮಾಡ್ಕೊಡಿ” ಎಂದು ಅವನು ಅಂಗಲಾಚಿದ. ಅರ್ಧ ಕೆಲಸವಾಗುವಷ್ಟರಲ್ಲಿ ಹಬ್ಬ ಬಂತು.

ಆಯುಧಪೂಜೆಯ ದಿನ ಆಚಾರಿಗಳ ಮನೆಯಲ್ಲಿ ಸಾಮಾನು ತೊಳೆದು ದೇವಿಯ ಮುಂದೆ ಮಲಗಿಸುತ್ತಾರೆ. ಮಲಗಿಸಿದ ಮೇಲೆ ಮಾರನೇ ದಿನ ವಿಜಯದಶಮಿಯ ಪೂಜೆ ಮಾಡಿಯೇ ಎತ್ತಬೇಕು. ನಡುವೆ ಒಂದು ಮೊಳೆ ಹೊಡೆಯಲೂ ಮುಟ್ಟುವಂತಿಲ್ಲ. ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೊಗಣ್ಣನ ಸುತ್ತಿಗೆ, ಇಕ್ಕಳ, ಉಳಿ ಎಲ್ಲ ವಿಭೂತಿ ಬಳಿದುಕೊಂಡು ಸಾಲಾಗಿ ಮಲಗಿದ್ದವು. ನಾನು, ಕುಮಾರ್, ಶಿವಲಿಂಗಯ್ಯ, ಮೊಗಣ್ಣನ ಮಗಳು ಹೇಮಶ್ರೀ, ಆ ಸಾಲಿನ ಇನ್ನೂ ನಾಲ್ಕೈದು ಅಂಗಡಿಯವರು ಮಂಗಳಾರತಿಗೆ ನಿಂತಿದ್ದೆವು.

ಪುರಿ, ಬಾಳೆಹಣ್ಣು ಹಂಚುವಾಗ ಶಿವಲಿಂಗಯ್ಯ, “ಬಿಲ್ಲೆ ಒಂದು ಅಮೆರಿಕದ್ದೇ ಆಕ್ಸಿ ಆಚಾರ್ರೆ” ಎಂದ. ಕುಮಾರ್ ಬಾಯಲ್ಲಿ ಪುರಿ ತುಂಬಿಕೊಂಡು ನಕ್ಕುಬಿಟ್ಟ. ನಗು ತಡೆಯಲಾಗದೆ ಬಂದದ್ದು, ಬೇಕೆಂದು ಮಾಡಿದ್ದಲ್ಲ.

“ಯಾಕ್ಲಾ ನಗ್ತೀಯ?” ಮೊಗಣ್ಣ ಕೇಳಿದ.

“ಏನಿಲ್ಲ ಬುಡಿ ಆಚಾರ್ರೆ.”

“ಯೋಳ್ಲಾ.”

“ಈ ಗಾಡಿ ಅಮೆರಿಕದ್ದಲ್ಲ ಆಚಾರ್ರೆ. ಜಪಾನ್ನೋರ್ದು. ಬಿಲ್ಲೆ ಅಷ್ಟೇ ಅವರ್ದು. ನಿಮ್ ಸ್ಪಾರ್ಕೂ ಅಂಗೇಯ, ಮಟೀಜ್ ತಮ್ಮ ಅದು.”

ಮೊಗಣ್ಣನ ಮುಖಕ್ಕೆ ರಕ್ತ ನುಗ್ಗಿತು. ಸಿಟ್ಟು ಬಂದರೆ ಅವನ ಕಿವಿ ಕೆಂಪಾಗುತ್ತದೆ. ನೆರೆದವರನ್ನೆಲ್ಲ ಒಂದು ಸುತ್ತು ನೋಡಿದ. ಆಮೇಲೆ ಬಗ್ಗಿ, ಬಲಗೈಯನ್ನು ದೇವಿಯ ಕೆಳಗಿದ್ದ ಬಿಲ್ಲೆಯ ಮೇಲಿಟ್ಟ. ಎದುರಿಗೆ ಮಲಗಿದ್ದ ದೊಡ್ಡ ಸುತ್ತಿಗೆಗೆ ಎಡಗೈ ತೋರಿಸಿದ.

“ನಮ್ ತಾತನ್ ಬಿಲ್ಲೆ ಆಣೆ, ಅವ್ವ ಕಾಳಮ್ಮನ ಆಣೆ. ಈ ಗಾಡಿ ಅಮೆರಿಕದಲ್ಲಿ ಉಟ್ಟಿದ್ದಲ್ಲ ಅಂದ್ರೆ, ಮಲಗಿರೋ ಈ ಸುತ್ಗೆ ಮಲಗೇ ಇರ್ಲಿ. ನಾನು ಎತ್ತಾಕಿಲ್ಲ.”

ಆಯುಧಪೂಜೆಯ ದಿನ, ಮಲಗಿಸಿದ ಆಯುಧದ ಮುಂದೆ, ಒಬ್ಬ ಆಚಾರಿ ಹಾಗೆ ಅಂದರೆ ಅದು ಬಾಯಿಮಾತಾಗಿ ಉಳಿಯುವುದಿಲ್ಲ. ಅವನ ಹೆಂಡತಿ ಮೂರು ವರ್ಷದ ಹಿಂದೆ ತೀರಿಕೊಂಡಳು. ಹೇಮಶ್ರೀ ಪಾಲಿಟೆಕ್ನಿಕ್ಕಿನಲ್ಲಿ ಕೊನೆಯ ವರ್ಷ. ಆ ಸುತ್ತಿಗೆ ಬಿಟ್ಟರೆ ಮನುಷ್ಯನಿಗೆ ಬೇರೆ ಏನೂ ಗೊತ್ತಿಲ್ಲ.

“ಅಪ್ಪಾ!” ಎಂದು ಹೇಮಶ್ರೀ ಕೂಗಿದಳು.

“ಸುಮ್ಕಿರವ್ವ. ಶಂಕ್ರಣ್ಣ ಯೋಳ್ಲಿ. ಇಷ್ಟು ವರ್ಸದಿಂದ ಸಾಮಾನು ಕೊಡ್ತಾವ್ನೆ, ಅವ್ನಿಗೆ ಗೊತ್ತಿಲ್ದಿರೋದು ಇವ್ನಿಗೆ ಗೊತ್ತಾ? ಯೋಳಣ್ಣ.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಲ್ಲಿ ಬಾಳೆಹಣ್ಣು ಹಾಗೇ ಉಳಿದಿತ್ತು. ಆಗಲಾದರೂ ಸುಳ್ಳು ಹೇಳಿದ್ದರೆ ಅವನು ಉಳಿಯುತ್ತಿದ್ದನೋ ಏನೋ. ದೇವಿಯ ಮುಂದೆ ನಿಂತು ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. ತಲೆ ತಗ್ಗಿಸಿ ನಿಂತೆ, ಹೇಡಿ.

ಮೊಗಣ್ಣ ಪಕ್ಕದ ನನ್ನ ಅಂಗಡಿಯೊಳಗೆ ನಡೆದ. ನಾನು ಹಿಂದೆಯೇ ಓಡಿದೆ. ಅವನು ಗಲ್ಲಾಪೆಟ್ಟಿಗೆಯ ಎದುರು, ದಿನಾ ಟೀ ಕುಡಿಯುವ ಜಾಗದಲ್ಲಿ ನಿಂತು ಶೆಲ್ಫು ನೋಡುತ್ತಿದ್ದ. ಹಬ್ಬದ ದಿನವಲ್ಲವೇ, ಆ ಸಾಲು ಡಬ್ಬಗಳಿಗೂ ನಾನು ಕುಂಕುಮ ಇಟ್ಟು ಚೆಂಡು ಹೂ ಏರಿಸಿದ್ದೆ. ಅವನು ಓದಿದ್ದು ಏಳನೇ ಕ್ಲಾಸು. ಬೆರಳಿಟ್ಟು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿದ. “ಐ... ಎಸ್ಸು... ಯು...” ಒಂದು ಡಬ್ಬ ಮುಗಿಸಿ ಪಕ್ಕದ್ದಕ್ಕೆ ಹೋದ. ಅಲ್ಲೂ ಅದೇ. ಅದರ ಪಕ್ಕದ್ದೂ ಅದೇ. ಕೊನೆಯದನ್ನು ಕೆಳಗಿಳಿಸಿ ಮುಚ್ಚಳ ತೆಗೆದ. ಒಳಗೆ ವಾಷರುಗಳಿದ್ದವು.

“ಯಾವಾಗಿಂದ ಗೊತ್ತು ನಿಂಗೆ?”

“ಮೊದ್ಲಿಂದ” ಎಂದೆ.

“ಅದ್ಕೇನಾ ಪೇಪರ್ನಾಗೆ ಸುತ್ತಿ ಕೊಡ್ತಿದ್ದುದ್ದು?”

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಡಬ್ಬಕ್ಕೆ ಮುಚ್ಚಳ ಹಾಕಿ, ಇದ್ದ ಜಾಗದಲ್ಲೇ ಇಟ್ಟು, ಬಿದ್ದ ಹೂವನ್ನು ಮತ್ತೆ ಅದರ ಮೇಲಿಟ್ಟು, ಶೆಡ್ಡಿನ ಬಾಗಿಲೆಳೆದು ಮನೆಗೆ ಹೋದ.

ಮಾರನೇ ದಿನ ವಿಜಯದಶಮಿ. ಪೇಟೆಯಲ್ಲೆಲ್ಲ ಆಯುಧ ಎದ್ದವು, ಮೊಗಣ್ಣನದು ಏಳಲಿಲ್ಲ. ಅವನು ಬೆಳಿಗ್ಗೆ ಬಂದು ಶೆಡ್ಡಿನ ಬಾಗಿಲು ತೆಗೆದು, ದೇವಿಗೆ ಕೈ ಮುಗಿದು, ಒಂದು ಸ್ಟೂಲು ಹಾಕಿಕೊಂಡು ಟವೇರಾದ ಎದುರು ಕೂರುತ್ತಿದ್ದ. ಸಂಜೆ ಬಾಗಿಲು ಹಾಕಿ ಹೋಗುತ್ತಿದ್ದ. ಬಂದ ಗಿರಾಕಿಗಳನ್ನು ಕೈಯಾಡಿಸಿ ಕಳಿಸುತ್ತಿದ್ದ. ನನ್ನ ಅಂಗಡಿಗೆ ಟೀಗೆ ಬರಲಿಲ್ಲ. ಹೀಗೆ ಹನ್ನೊಂದು ದಿನ. ಕುಮಾರ್ ಎರಡು ಸಲ ಹೋಗಿ ಕಾಲು ಹಿಡಿದುಕೊಂಡ. “ನಿಂದೇನ್ ತಪ್ಪಿಲ್ಲ ಕಣ್ಲಾ, ನೀನಾದ್ರೂ ಯೋಳ್ದೆ” ಎಂದನಂತೆ ಮೊಗಣ್ಣ. ಅದನ್ನು ಕುಮಾರ್ ನನಗೆ ಹೇಳಿದಾಗ ನನ್ನ ಕೆನ್ನೆಗೆ ಹೊಡೆದ ಹಾಗಾಯಿತು.

ಹನ್ನೆರಡನೇ ದಿನ ಹೇಮಶ್ರೀ ಬಂದಳು. ಕಣ್ಣು ಕೆಂಪಾಗಿದ್ದವು.

“ಅಂಕಲ್, ಅಪ್ಪ ಊಟಕ್ಕೆ ಕೂತ್ರೆ ಬೆರಳಲ್ಲಿ ತಟ್ಟೆ ಬಡ್ಕೊಂಡು ಸದ್ದು ಕೇಳ್ತಾರೆ. ಬಡೀತಾರೆ, ಕೇಳ್ತಾರೆ, ಆಮೇಲೆ ತಟ್ಟೆ ನೂಕ್ಬುಡ್ತಾರೆ. ನಂಗೆ ಭಯ ಆಗ್ತದೆ. ಅಜ್ಜಿ ಮಾತು ಒಂದೇ ಅಪ್ಪ ಕೇಳೋದು.”

ನಾನು ಅಂಗಡಿ ಬಾಗಿಲು ಹಾಕಿ ಬೂಕನಕೆರೆ ಬಸ್ಸು ಹತ್ತಿದೆ. ಮೊಗಣ್ಣನ ತಾಯಿ ಚೆಲುವಮ್ಮ ದೊಡ್ಡ ಮಗನ ಮನೆಯಲ್ಲಿದ್ದಾಳೆ. ಎಂಬತ್ತರ ಹತ್ತಿರ, ಇನ್ನೂ ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕುವ ಗಟ್ಟಿಗಿತ್ತಿ. ನಾನು ಹೇಳಿದ್ದನ್ನೆಲ್ಲ ಎಲೆ ಅಡಿಕೆ ಜಗಿಯುತ್ತ ಕೇಳಿದಳು. ಟವೇರಾ ವಿಷಯಕ್ಕೆ ಅವಳು ಕಣ್ಣು ಮಿಟುಕಿಸಲಿಲ್ಲ. ಬಿಲ್ಲೆ ಮುಟ್ಟಿ ಆಣೆ ಇಟ್ಟ ಎಂದಾಗ ಜಗಿಯುವುದನ್ನು ನಿಲ್ಲಿಸಿದಳು.

“ಬಿಲ್ಲೆ ಮೇಲೆ ಕೈ ಮಡಗಿದ್ನಾ?”

“ಊ ಕಣವ್ವ.”

“ಅಯ್ಯೋ ನನ್ ಕಂದ” ಎಂದವಳು ಒಳಗೆ ಹೋಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಭಾರದ ಗಂಟೊಂದನ್ನು ತಂದು ನನ್ನ ಕೈಗೆ ಹೇರಿದಳು. ನನ್ನ ಜೊತೆಗೇ ಪೇಟೆಯ ಬಸ್ಸು ಹತ್ತಿದಳು.

ಶೆಡ್ಡಿಗೆ ಬಂದು ಮಗನನ್ನು ಮಾತಾಡಿಸಲೂ ಇಲ್ಲ. ನೇರವಾಗಿ ದೇವಿಯ ಹತ್ತಿರ ಹೋಗಿ ಬಿಲ್ಲೆ ಎತ್ತಿಕೊಂಡಳು. “ಉಣ್ಸೆಹಣ್ಣು, ಒಂದಿಷ್ಟು ಬೂದಿ, ಒಂದು ಚೊಂಬು ನೀರು ತಾ ಮಗ” ಎಂದು ಮೊಮ್ಮಗಳಿಗೆ ಹೇಳಿದಳು.

ಮೊಗಣ್ಣ ಸ್ಟೂಲಿನಿಂದ ಎದ್ದು ನಿಂತ. “ಅವ್ವಾ, ಅದ ತೊಳೀಬಾರ್ದು.”

“ಸುಮ್ಕೆ ನಿಂತ್ಕೊ.”

ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ತಿಕ್ಕಿದಳು. ಐವತ್ತು ವರ್ಷದ ಕುಂಕುಮ ಕೆಂಪು ನೀರಾಗಿ ಚರಂಡಿಗೆ ಹರಿಯಿತು. ಮೊಗಣ್ಣ ತನ್ನ ಚರ್ಮವನ್ನೇ ಸುಲಿಯುತ್ತಿದ್ದಾರೆ ಎಂಬಂತೆ ಮುಖ ಮಾಡಿಕೊಂಡು ನೋಡುತ್ತಿದ್ದ. ಕಪ್ಪು ಕಬ್ಬಿಣ ಕಾಣಿಸಿತು. ಮೇಲೆ ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟಿನ ಗುರುತುಗಳು. ಕಾರ್ಖಾನೆಯ ಅಚ್ಚಿನಲ್ಲಿ ಬಂದ ವಸ್ತುವಿಗೆ ಅಂಥ ಗುರುತು ಇರುವುದಿಲ್ಲ. ಚೆಲುವಮ್ಮ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ, ತಿರುಗಿಸಿ, ಮಗನ ಕೈಯಲ್ಲಿಟ್ಟಳು.

ಹಿಂಬದಿಯಲ್ಲಿ ಮೂರು ಗೀಟು.

ಹೇಮಶ್ರೀ ಬಾಯಿ ಮುಚ್ಚಿಕೊಂಡಳು. ಮೊಗಣ್ಣ ಹೆಬ್ಬೆರಳಿನಿಂದ ಆ ಗೀಟುಗಳನ್ನು ಒಂದೊಂದಾಗಿ ಮುಟ್ಟಿದ. ಮತ್ತೆ ಮುಟ್ಟಿದ. ಚೆಲುವಮ್ಮ ಗಂಟು ಬಿಚ್ಚಿದಳು. ಅದರಲ್ಲಿ ಕೆಂಪಾಚಾರಿಯ ಹಳೆಯ ಸುತ್ತಿಗೆಯಿತ್ತು. ಅದರ ಕೆನ್ನೆಯ ಮೇಲೂ ಅವೇ ಮೂರು ಗೀಟು.

“ನಾನು ಮದ್ವೆಯಾಗಿ ಬಂದ ವರ್ಸ” ಎಂದಳು ಚೆಲುವಮ್ಮ. “ಪಟೇಲ್ರ ಲಾರಿ ನಾಲೆ ಮೋರಿಗೆ ಗುದ್ದಿ ಮುಂದ್ಗಡೆ ಬಿಲ್ಲೆ ನೀರಿಗೆ ಬಿತ್ತು. ಎಷ್ಟು ಹುಡುಕಿದ್ರೂ ಸಿಗ್ನಿಲ್ಲ. ಬೋಳು ಮೂತಿ ಲಾರಿ ಮಂಡ್ಯಕ್ಕೆ ಎಂಗ್ ತಗೊಂಡೋಗನೆ ಅಂತ ಪಟೇಲ್ರು ಕುಂತ್ಬುಟ್ರು. ನಮ್ ಮಾವ ಗಾಡಿ ಚಕ್ರದ ಹಳೇ ಪಟ್ಟಿ ಕಾಯ್ಸಿ ಬಡುದ್ರು. ತಿದಿ ಒತ್ತಿದೋಳು ನಾನೇಯ. ಯಾರ್ಗೂ ಯೋಳ್ಬ್ಯಾಡ ಕಣವ್ವ ಅಂದಿದ್ರು. ಲಾರಿ ಅಮೆರಿಕದ್ದೇ ಕಣ್ಲಾ. ಬಿಲ್ಲೆ ನಮ್ದು.”

ಮೊಗಣ್ಣ ಟವೇರಾದ ಬಂಪರಿನ ಮೇಲೆ ಕುಸಿದು ಕೂತ.

“ಅಂಗಾರೆ ನಾನು ಇಷ್ಟು ವರ್ಸ ಬಡುದು ಬಡುದು ಕೇಳಿದ್ದು...”

“ನಿಮ್ ತಾತನ್ ಕಬ್ಬಿಣನ.”

“ಜಾತಿ ಕಬ್ಬಿಣ ಅಂತಿದ್ನಲ್ಲವ್ವ.”

“ಸರ್ಯಾಗೇ ಯೋಳ್ತಿದ್ದೆ.”

ಅವನು ತಾಯಿಯನ್ನು ದಿಟ್ಟಿಸಿ ನೋಡಿದ. ಕಣ್ಣಲ್ಲಿ ನೀರು ತುಂಬಿತ್ತು. “ನೀನೂ ಯೋಳ್ನಿಲ್ವಲ್ಲವ್ವ” ಎಂದ.

ಚೆಲುವಮ್ಮ ಗಂಟಿನ ಸೀರೆ ತುಂಡನ್ನು ಮಡಿಚತೊಡಗಿದಳು. ಅವನನ್ನು ಪ್ರೀತಿಸಿದವರೆಲ್ಲ ಸೇರಿ ಅವನಿಂದ ಒಂದೊಂದು ವಿಷಯ ಬಚ್ಚಿಟ್ಟಿದ್ದೆವು. ಅದನ್ನು ಪ್ರೀತಿ ಎಂದುಕೊಂಡಿದ್ದೆವು. ನಾನಂತೂ ಅದರ ಮೇಲೆ ನಕ್ಕೂ ಇದ್ದೆ.

ಮುದುಕಿಯೇ ಮೊದಲು ಎದ್ದಳು. ದೇವಿಯ ಮುಂದೆ ಮಲಗಿದ್ದ ಆಣೆಯ ಸುತ್ತಿಗೆಯನ್ನು ತಾನೇ ಎತ್ತಿ ಹೇಮಶ್ರೀಗೆ ಕೊಟ್ಟಳು. “ಇದ ತಗೊಂಡೋಗಿ ಕಾಳಮ್ಮನ ಗುಡಿಗೆ ಒಪ್ಸವ್ವ. ಆಣೆ ಇಟ್ಟಿದ್ದ ಇವ್ನು ಮುಟ್ಟೋದು ಬ್ಯಾಡ, ಅವಳೇ ಮಡೀಕಳ್ಳಿ.” ಆಮೇಲೆ ಮಾವನ ಸುತ್ತಿಗೆಯನ್ನು ಮಗನ ಮಡಿಲಿಗಿಟ್ಟಳು. “ಇದ್ರ ಮೇಲೆ ನೀನು ಆಣೆ ಇಟ್ಟಿಲ್ಲ. ಏಳು.”

ಅವನು ತಕ್ಷಣ ಏಳಲಿಲ್ಲ. ಹಿಡಿ ಸವೆದು ಹೋಗಿದ್ದ ಆ ಸುತ್ತಿಗೆಯನ್ನು ಅಂಗೈಯಲ್ಲಿ ತೂಗುತ್ತ ಬಹಳ ಹೊತ್ತು ಕೂತಿದ್ದ. ನಾನು ಅಂಗಡಿಗೆ ಹೋಗಿ, ಶಿವಲಿಂಗಯ್ಯನಿಗೆ ಅಂತ ತರಿಸಿಟ್ಟಿದ್ದ ಹೊಸ ಷೆವರ್ಲೆ ಬಿಲ್ಲೆ ತಂದು ಅವನ ಮುಂದೆ ಹಿಡಿದೆ. ಪ್ಲಾಸ್ಟಿಕ್ಕಿನದು, ಮೇಲೆ ಹೊಳಪು ಬಳಿದದ್ದು. ಅವನು ಅದನ್ನು ತೆಗೆದುಕೊಂಡು, ಬೆರಳಿನಿಂದ ತಟ್ಟಿ ಕೇಳಿ, ವಾಪಸ್ಸು ಕೊಟ್ಟ.

ಎರಡು ದಿನದಲ್ಲಿ ಟವೇರಾ ತಯಾರಾಯಿತು. ಮೂತಿಯ ಮೇಲೆ ಹೊಸದಾಗಿ ಬಡಿದ ಕಬ್ಬಿಣದ ಬಿಲ್ಲೆ, ಪಾಲಿಶ್ ಹೊಡೆದು ಫಳಫಳ ಹೊಳೆಯುತ್ತಿತ್ತು. ಕೂರಿಸುವ ಮುಂಚೆ ಮೊಗಣ್ಣ ಉಳಿಯಿಂದ ಅದರ ಬೆನ್ನಿಗೆ ಮೂರು ಗೀಟು ಹೊಡೆದದ್ದನ್ನು ನಾನು ನೋಡಿದೆ.

ಶಿವಲಿಂಗಯ್ಯ ಬಂದವನು ಬಿಲ್ಲೆ ನೋಡಿ ಹಿರಿಹಿರಿ ಹಿಗ್ಗಿದ. “ಅಬ್ಬಾ, ಎಷ್ಟು ಗಟ್ಟಿಯಾಗದೆ! ಅಮೆರಿಕದ್ದಾ ಆಚಾರ್ರೆ?”

ಮೊಗಣ್ಣ ಕೈಗೆ ಮೆತ್ತಿದ್ದ ಪಾಲಿಶ್ ಒರೆಸಿಕೊಂಡ.

“ಊಹೂಂ. ಬೂಕನಕೆರೆದು. ನಾನೇ ಮಾಡಿದ್ದು” ಎಂದ ಮೊಗಣ್ಣ. “ಗಾಡಿ ಜಪಾನ್ನೋರ್ದು. ತಿಳ್ಕೊಂಡು ಓಡ್ಸು.”

ಶಿವಲಿಂಗಯ್ಯ ಒಂದು ಗಳಿಗೆ ಪೆಚ್ಚಾದ. ಆಮೇಲೆ ಬಿಲ್ಲೆ ಸವರಿಕೊಂಡು, “ಓಡ್ತದಲ್ಲ, ಅಷ್ಟು ಸಾಕು” ಎಂದು ಗಾಡಿ ಹತ್ತಿದ.

ಮಾರನೇ ದಿನ ಬೆಳಿಗ್ಗೆ ಮೊಗಣ್ಣ ನನ್ನ ಅಂಗಡಿಗೆ ಬಂದ. ಅಷ್ಟು ದಿನದ ಮೇಲೆ ಬಂದದ್ದು. ನಾನು ಗಡಿಬಿಡಿಯಲ್ಲಿ ಎರಡು ಟೀ ಹೇಳಿದೆ. ಯಾರೋ ಗಿರಾಕಿಯ ಟವೇರಾಕ್ಕೆ ಬಾಗಿಲಿನ ರಬ್ಬರು ಬೇಕು ಎಂದ. ಒಳಗೆ ಹೋದೆ. ಶೆಲ್ಫಿನಿಂದ ಇಳಿಸಿದೆ. ಹದಿನೈದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮುಚ್ಚಳ ತೆಗೆದು ಹಳೆಯ ಪೇಪರಿನ ಕಡೆ ಹೋಯಿತು.

“ಶಂಕ್ರಣ್ಣ” ಎಂದು ಅವನು ಹೊರಗಿನಿಂದಲೇ ಕೂಗಿದ. ಕೋಪದ ದನಿಯಲ್ಲ, ಮೆತ್ತಗೇ ಅಂದ.

“ಡಬ್ಬದ ಸಮೇತ ಕೊಡು.”